ಬಾಗಿಲಿಗಿಟ್ಟ ಕಲ್ಲು

ಕಳೆದ ಬೇಸಿಗೆಯಲ್ಲಿ ದೇಚಮ್ಮನ ಮದುವೆಗೆ ಹೋದಾಗ ಊಟದ ಸಾಲಿನಲ್ಲಿ ನನ್ನ ಹಿಂದೆ ಬಂದು ನಿಂತವರು ಪೂಣಚ್ಚ. ಕಪ್ಪು ಕುಪ್ಯ ತೊಟ್ಟು ಸೊಂಟಕ್ಕೆ ಕೆಂಪು ಚೇಲೆ ಬಿಗಿದಿದ್ದರು. ಅಷ್ಟೆಲ್ಲ ಅಲಂಕಾರದ ನಡುವೆಯೂ ಅವರ ಮೈಯಿಂದ ಒಣಗಿದ ಕಾಫಿ ಸಿಪ್ಪೆಯ ವಾಸನೆ ಹೋಗಿರಲಿಲ್ಲ. ಚೆನ್ನಾಗಿದ್ದೀರಾ ಎಂದು ಕೇಳುವ ಮೊದಲೇ ಅವರು ಕೇಳಿದ್ದು ಬೇರೆ.

“ಮೇಡಂ, ಆ ಕಲ್ಲು ಉಂಟಾ?”

“ಉಂಟು” ಎಂದೆ.

“ಊಟ ಮುಗಿಸಿ ಓಡಿ ಹೋಗ್ಬೇಡಿ. ಸಂಜೆ ಶಾಸ್ತ್ರ ನೋಡಿಕೊಂಡು ಹೋಗಿ” ಎಂದು ಹೇಳಿ ಅವರು ಯಾರನ್ನೋ ಮಾತಾಡಿಸಲು ಹೋದರು. ನನಗೆ ಎಲೆಯ ಮುಂದೆ ಕೂತರೂ ಊಟ ಸೇರಲಿಲ್ಲ. ಈ ಮನುಷ್ಯ ಕಲ್ಲಿನ ವಿಷಯ ಯಾಕೆ ಎತ್ತಿದ, ಸಂಜೆಯವರೆಗೆ ಯಾಕೆ ನಿಲ್ಲಿಸಿಕೊಳ್ಳುತ್ತಿದ್ದಾನೆ ಎಂದು ತಲೆಯೊಳಗೆ ಹಳೆಯ ಹುಳ ಹರಿಯತೊಡಗಿತು. ಕಾಫಿ ಸಿಪ್ಪೆಯ ಆ ವಾಸನೆ ಮಾತ್ರ ನನ್ನನ್ನು ನೇರವಾಗಿ ಆ ಮಳೆಗಾಲಕ್ಕೆ, ಅವರ ಗೋಡೌನಿನೊಳಕ್ಕೆ ಕರೆದುಕೊಂಡು ಹೋಯಿತು.

ನನ್ನದು ಸಂಶಯದ ಸ್ವಭಾವ. ಮುಚ್ಚಿಡುವುದೇನೂ ಇಲ್ಲ. “ನಿಂಗೆ ದೇವರೇ ಎದ್ರಿಗೆ ಬಂದು ನಿಂತ್ರೂ ಆಧಾರ್ ಕಾರ್ಡ್ ತೋರ್ಸು ಅಂತೀಯ ಕಣೇ” ಎಂದು ಅಮ್ಮ ಈಗಲೂ ಹೇಳುತ್ತಾಳೆ. ನಮ್ಮದು ಕುಶಾಲನಗರದ ಹತ್ತಿರದ ಹಳ್ಳಿ. ತಾತ ಹಾಸನದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದವರು. ಹಾಸನದ ನೆಂಟರಿಗೆ ನಾವು ಕೊಡಗಿನವರು, ಕೊಡಗಿನವರಿಗೆ ನಾವು ಬಯಲುಸೀಮೆಯವರು. ಎರಡು ಕಡೆಯವರೂ ಪೂರ್ತಿ ತಮ್ಮವರೆನ್ನದ ಮನೆಯಲ್ಲಿ ಬೆಳೆದರೆ ಯಾರನ್ನೂ ಪೂರ್ತಿ ನಂಬದ ಗುಣ ತಾನಾಗಿಯೇ ಬರುತ್ತದೆ.

ಆ ಜೂನ್ ತಿಂಗಳಲ್ಲಿ ನಾನು ದಕ್ಷಿಣ ಕೊಡಗಿನ ಒಂದು ಪದವಿ ಕಾಲೇಜಿಗೆ ಹುಡುಗಿಯರ ಬಾಸ್ಕೆಟ್‌ಬಾಲ್ ಕೋಚ್ ಆಗಿ ಸೇರಿದೆ. ಕೆಲಸ ಕಾಯಂ ಅಲ್ಲ, ವರ್ಷ ವರ್ಷ ಮುಂದುವರಿಸುವಂಥದ್ದು. ಹಾಕಿಯೇ ಉಸಿರಾದ ಸೀಮೆಯಲ್ಲಿ ಬಾಸ್ಕೆಟ್‌ಬಾಲ್ ಎಂದರೆ ಮಲಮಗು. ನನಗಿಂತ ಮೊದಲು ಬಂದ ಮೂವರು ಕೋಚ್‌ಗಳೂ ತಲಾ ಒಂದೊಂದು ವರ್ಷ ಇದ್ದು ಹೋಗಿದ್ದರು. ಪ್ರಿನ್ಸಿಪಾಲರು ಮೊದಲ ದಿನವೇ ಕನ್ನಡಕ ಒರೆಸುತ್ತಾ ಹೇಳಿದರು: “ನೋಡಿ, ಟೀಮ್ ಇದ್ರೆ ನೀವಿರ್ತೀರಿ. ಟೀಮೇ ಇಲ್ಲ ಅಂದ್ರೆ ಮ್ಯಾನೇಜ್‌ಮೆಂಟಿನವರು ಕೋಚ್ ಯಾಕೆ ಅಂತ ನನ್ನ ಕೇಳ್ತಾರೆ.”

ಅವರು ಹಾಗೆ ಹೇಳುವ ಹೊತ್ತಿಗೆ ಟೀಮಿನ ಇಬ್ಬರು ಹುಡುಗಿಯರು ಟಿ.ಸಿ. ತೆಗೆದುಕೊಂಡು ಘಟ್ಟದ ಕೆಳಗಿನ ಒಂದು ದೊಡ್ಡ ಕಾಲೇಜಿಗೆ ಹೋಗಿಯಾಗಿತ್ತು. ಅಲ್ಲಿ ಸೀಟು ಉಚಿತ, ಹಾಸ್ಟೆಲು ಉಚಿತ, ದಿನಾ ಮೊಟ್ಟೆ, ಆಡಲು ಮರದ ನೆಲದ ಒಳಾಂಗಣ. ನಮ್ಮಲ್ಲಿ ಪಾಚಿ ಕಟ್ಟಿದ ಸಿಮೆಂಟಿನ ಅಂಗಣ, ಬಲೆ ಹರಿದ ಎರಡು ರಿಂಗು. ಉಳಿದವರಲ್ಲಿ ಎರಡನೇ ವರ್ಷಕ್ಕೆ ಕಾಲಿಟ್ಟ ದೇಚಮ್ಮನೊಬ್ಬಳು ಆಟಗಾರ್ತಿ ಎನಿಸಿಕೊಳ್ಳುವವಳು. ಎತ್ತರದ, ಎಡಗೈಯ ಹುಡುಗಿ. ಬಾಲು ಅವಳ ಕೈ ಬಿಟ್ಟಿತೆಂದರೆ ನೋಡುವವರು ಆಗಲೇ ಸ್ಕೋರು ಬರೆಯಬಹುದಿತ್ತು. ಉಳಿದವರೆಲ್ಲ ಅವಳಿದ್ದಾಳೆಂದು ಆಡುತ್ತಿದ್ದವರು. ಹೆಣ ಹೊರಲು ನಾಲ್ಕು ಜನ ಸಾಕು, ಬಾಸ್ಕೆಟ್‌ಬಾಲಿಗೆ ಐದು ಜನ ಬೇಕು. ದೇಚಮ್ಮ ಹೋದಳೆಂದರೆ ಟೀಮು ಮುಗಿಯಿತು, ನನ್ನ ಕೆಲಸವೂ ಮುಗಿಯಿತು.

ಅವಳು ಹೋಗುತ್ತಾಳೋ ಇರುತ್ತಾಳೋ ಎಂದು ತಿಳಿಯುವುದೇ ಕಷ್ಟ. ಏಕೆಂದರೆ ಅವಳು ಮಾತಾಡುತ್ತಿರಲಿಲ್ಲ. ಕೇಳಿದ್ದಕ್ಕೆ ತಲೆಯಾಡಿಸುವಳು, ಅದು ಹೌದೋ ಅಲ್ಲವೋ ಅವಳಿಗೇ ಗೊತ್ತು. ಭಾಗಮಂಡಲದ ಕಡೆಯ ಹೇಮಾಳನ್ನು ಮೂಲೆಗೆ ಕರೆದು, “ದೇಚು ಏನಂತಾಳೆ?” ಎಂದು ಕೇಳಿದರೆ, “ಗೊತ್ತಿಲ್ಲೆ ಮೇಡಂ” ಎಂದು ಅರೆಭಾಷೆಯಲ್ಲಿ ಹೇಳಿ ಶೂ ಲೇಸು ಕಟ್ಟಲು ಬಗ್ಗುತ್ತಿದ್ದಳು. ಕಟ್ಟಿದ್ದ ಲೇಸನ್ನೇ ಮತ್ತೆ ಕಟ್ಟುತ್ತಿದ್ದಳು.

ಎಲ್ಲರಿಗಿಂತ ಹೆಚ್ಚು ನನ್ನ ಕಣ್ಣು ಇದ್ದದ್ದು ರಮ್ಲತ್ ಮೇಲೆ. ಕುಟ್ಟದಲ್ಲಿ ಅವಳ ತಂದೆಯದು ದಿನಸಿ ಅಂಗಡಿ. ಮೊದಲ ವರ್ಷದವಳು, ಟೀಮಿನಲ್ಲಿ ಎಲ್ಲರಿಗಿಂತ ಗಿಡ್ಡ, ಎಲ್ಲರಿಗಿಂತ ಚುರುಕು, ಮತ್ತು ಯಾವಾಗಲೂ ಫೋನಿನಲ್ಲಿ. ಅಭ್ಯಾಸದ ನಡುವೆ ನೀರು ಕುಡಿಯಲು ಬಿಟ್ಟರೆ ಸಾಕು, ಗೋಡೆಗೆ ಮುಖ ಮಾಡಿ ನಿಂತು ಮಲಯಾಳದಲ್ಲಿ ಪಟಪಟ ಶುರು. ನಾನು ಹತ್ತಿರ ಹೋದರೆ ದನಿ ತಗ್ಗುವುದು. ಘಟ್ಟದ ಕೆಳಗಿನವರಿಗೆ ಸುದ್ದಿ ಮುಟ್ಟಿಸುತ್ತಿರುವವಳು ಇವಳೇ ಎಂದು ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟಿದ್ದೆ.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಬೆಳಿಗ್ಗೆ ಎದ್ದರೆ ಮೊದಲು ನೋಡುತ್ತಿದ್ದದ್ದು ಇವತ್ತು ಮಳೆ ರಜೆ ಉಂಟೋ ಎಂದು. ಅಂಗಣಕ್ಕೆ ಬ್ಲೀಚಿಂಗ್ ಪೌಡರ್ ಸುರಿದು ತೆಂಗಿನ ಪೊರಕೆಯಲ್ಲಿ ಉಜ್ಜಿದರೆ ಮಾರನೆಯ ದಿನ ಪಾಚಿ ಮತ್ತಷ್ಟು ಹಸಿರಾಗಿ ನಗುತ್ತಿತ್ತು. ಬಾಲಿನ ಮೇಲೆ ಬೂಸ್ಟು, ಶೂ ಒಳಗೆ ಜಿಗಣೆ. ಹೇಮಾ ಒಮ್ಮೆ ಜಾರಿ ಬಿದ್ದು ಮೊಣಕೈ ತರಚಿಕೊಂಡ ಮೇಲೆ ಹೊರಗೆ ಆಡಿಸಲು ನನಗೇ ಧೈರ್ಯ ಸಾಲಲಿಲ್ಲ.

ಆಗ ಬಂದವರು ಪೂಣಚ್ಚ. ಹಳೆಯ ಜೀಪಿನಲ್ಲಿ ಬಂದು, ಇಳಿಯದೆಯೇ, “ನನ್ನ ಕಾಫಿ ಗೋಡೌನ್ ಖಾಲಿ ಉಂಟು ಮೇಡಂ. ಪಿಕ್ಕಿಂಗ್ ಶುರುವಾಗುವವರೆಗೆ ಮಕ್ಕಳು ಅಲ್ಲಿ ಆಡಲಿ” ಎಂದರು. ಬಾಡಿಗೆ ಎಷ್ಟೆಂದು ಕೇಳಿದೆ. “ಎಂತ ಬಾಡಿಗೆ?” ಎಂದು ನಕ್ಕು ಹೋದರು.

ಪುಕ್ಕಟೆ ಕೊಡುವವರ ಬಗ್ಗೆ ನನಗೆ ಯಾವತ್ತೂ ಹೆದರಿಕೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಆದರೂ ಬೇರೆ ದಾರಿಯಿಲ್ಲದೆ ಹೋದೆವು. ಎತ್ತರದ ತಗಡಿನ ಮಾಡು, ಗಾರೆಯ ನೆಲ, ಒಂದು ಗೋಡೆಗೆ ಅವರೇ ರಿಂಗು ಹಾಕಿಸಿದ್ದರು. ಮೂಲೆಯಲ್ಲಿ ಖಾಲಿ ಗೋಣಿಚೀಲಗಳ ರಾಶಿ. ಬಾಲು ನೆಲಕ್ಕೆ ಬಡಿದಾಗಲೆಲ್ಲ ಸಂದಿನಲ್ಲಿದ್ದ ಕಾಫಿ ಸಿಪ್ಪೆಯ ಪುಡಿ ಏಳುತ್ತಿತ್ತು. ಮೇಲೆ ಮಳೆಯ ಸದ್ದಿಗೆ ನನ್ನ ಸೀಟಿ ನನಗೇ ಕೇಳುತ್ತಿರಲಿಲ್ಲ, ಕೈ ಬೀಸಿಯೇ ಪಾಠ. ಪೂಣಚ್ಚ ದಿನಾ ಬಂದು ಗೋಣಿಚೀಲಗಳ ಮೇಲೆ ಕೂರುತ್ತಿದ್ದರು. ಆಟ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಆಮೇಲೆ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕರೆದು ಏನೋ ಕೇಳುತ್ತಿದ್ದರು. ನಾನು ಹತ್ತಿರ ಹೋದರೆ ಮಾತು ಮಳೆಯ ಕಡೆಗೆ ತಿರುಗುತ್ತಿತ್ತು.

ಜುಲೈನಲ್ಲಿ ಒಂದು ಬಿಳಿ ಕಾರು ಗೋಡೌನಿನ ಗೇಟಿನ ಹತ್ತಿರ ನಿಂತಿತ್ತು. ಘಟ್ಟದ ಕೆಳಗಿನ ಕಾಲೇಜಿನ ಟೀ ಶರ್ಟು ತೊಟ್ಟ ಒಬ್ಬಾತ ಕೊಡೆ ಹಿಡಿದು ಪೂಣಚ್ಚನವರ ಜೀಪಿಗೆ ಒರಗಿ ಮಾತಾಡುತ್ತಿದ್ದ. ಇಬ್ಬರೂ ಕೈ ಕುಲುಕಿದರು. ನನಗೆ ಎಲ್ಲವೂ ಅರ್ಥವಾಯಿತು, ಅಥವಾ ಅರ್ಥವಾಯಿತೆಂದು ತಿಳಿದೆ. ಈತ ದಲ್ಲಾಳಿ. ಗೋಡೌನ್ ಕೊಟ್ಟದ್ದು ಮಕ್ಕಳನ್ನು ಒಂದೆಡೆ ಕೂಡಿಹಾಕಿ ತೋರಿಸಲಿಕ್ಕೆ, ಸಂತೆಗೆ ಮುಂಚೆ ದನ ಕಟ್ಟುವ ಹಾಗೆ.

ಮರುದಿನ ಬೆಳಿಗ್ಗೆ ಸೀದಾ ದೇಚಮ್ಮನ ತಂದೆಯ ಬಳಿ ಹೋದೆ. ಅವರು ತೋಟದ ಕೂಲಿಯವರ ಲೈನ್ ಮನೆಗಳ ಹತ್ತಿರ ಮರದ ಕೊಂಬೆ ಕಡಿಸುತ್ತಿದ್ದರು. ಮಳೆಯಲ್ಲೇ ನಿಂತು ಒಂದೇ ಉಸಿರಿಗೆ ಹೇಳಿದೆ, ಆ ಪೂಣಚ್ಚ ದಲ್ಲಾಳಿ, ನಿಮ್ಮ ಮಗಳ ಹೆಸರಿನಲ್ಲಿ ವ್ಯಾಪಾರ ಮಾಡುತ್ತಿದ್ದಾರೆ, ಮಗಳನ್ನು ಕಳಿಸಬೇಡಿ, ಮಾತು ಕೊಡಿ ಎಂದು. ಅವರು ಮುಖ ಕೆಂಪಗೆ ಮಾಡಿಕೊಂಡರು. ಮನೆಗೆ ಕರೆದು ಕಾಫಿ ಕೊಟ್ಟರು. ಮಾತು ಮಾತ್ರ ಕೊಡಲಿಲ್ಲ.

“ಈಗ ಕಕ್ಕಡ ಮೇಡಂ. ಈ ತಿಂಗಳಲ್ಲಿ ನಾವು ಯಾವ ಒಳ್ಳೆ ಮಾತೂ ಶುರು ಮಾಡೋದಿಲ್ಲ. ಕಕ್ಕಡ ಮುಗೀಲಿ. ಆಮೇಲೆ ಒಂದು ಆದಿತ್ಯವಾರ ಬನ್ನಿ. ಒಬ್ಬರೇ ಬರ್ಬೇಡಿ, ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಬನ್ನಿ.”

ಮಳೆಯ ಆ ಒಂದು ತಿಂಗಳು ಕೊಡಗಿನಲ್ಲಿ ಶುಭಕಾರ್ಯ ನಡೆಯುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಆದರೆ ಕಕ್ಕಡ ಮುಗಿದು ಸ್ವಲ್ಪ ದಿನಕ್ಕೇ ಬೇರೆ ಕಾಲೇಜಿಗೆ ಸೇರುವ ಕೊನೆಯ ದಿನವೂ ಬರುತ್ತಿತ್ತು. ಇದು ಶಾಸ್ತ್ರವೋ ಕಾಲ ಕಳೆಯುವ ಉಪಾಯವೋ? ಜೊತೆಗೆ ಇನ್ನೊಬ್ಬರು ಯಾಕೆ? ಸಾಕ್ಷಿಗೋ?

ಈ ನಡುವೆ ನನಗೇ ಮೈಸೂರಿನ ಒಂದು ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂತು. ಹಿಂದಿನ ವರ್ಷ ಅರ್ಜಿ ಹಾಕಿದ್ದೆ, ಮರೆತೂ ಬಿಟ್ಟಿದ್ದೆ. ಕಾಯಂ ಕೆಲಸ. ಅಮ್ಮನಿಗೆ ಮಾತ್ರ ಹೇಳಿದೆ. “ಬಾಯ್ ಮುಚ್ಕೊಂಡು ಹೋಗ್ ಬಾ” ಎಂದಳು. ನಾನು ಹುಡುಗಿಯರಿಗೆ ಎಲ್ಲೂ ಹೋಗಬೇಡಿ ಎಂದು ದಿನಾ ಬೋಧನೆ ಮಾಡುತ್ತಿದ್ದೆ, ಬ್ಯಾಗಿನಲ್ಲಿ ಮೈಸೂರಿನ ಬಸ್ ವೇಳೆ ಬರೆದಿಟ್ಟುಕೊಂಡಿದ್ದೆ. ಅದು ನನಗೆ ಆಗ ಒಂದಿಷ್ಟೂ ವಿಚಿತ್ರವೆನಿಸಲಿಲ್ಲ. ನಾಳೆ ಟೀಮು ಒಡೆದರೆ ನನಗೂ ಒಂದು ದಾರಿ ಬೇಡವೇ?

ಸಂದರ್ಶನ ಒಂದು ಸೋಮವಾರ. ದೇಚಮ್ಮನ ತಂದೆ ಹೇಳಿ ಕಳಿಸಿದ್ದು ಅದರ ಹಿಂದಿನ ದಿನಕ್ಕೆ. ಜೊತೆಗೆ ನಾನು ಕರೆದುಕೊಂಡು ಹೋದದ್ದು ರಮ್ಲತ್‌ಳನ್ನು. ಪ್ರೀತಿಯಿಂದಲ್ಲ. ನಾನು ಅಲ್ಲಿರುವಾಗ ಇವಳು ಇಲ್ಲಿ ಫೋನು ಹಿಡಿದು ಏನು ಮಾಡುತ್ತಾಳೋ ಎಂಬ ಭಯದಿಂದ.

ಮನೆಯ ಜಗಲಿಯಲ್ಲಿ ದೇಚಮ್ಮನ ತಂದೆ, ಅಜ್ಜಿ, ಮತ್ತು ಪೂಣಚ್ಚ. ಈ ದಲ್ಲಾಳಿಗೆ ಇಲ್ಲೇನು ಕೆಲಸ ಎಂದುಕೊಂಡೆ. ಮೊದಲು ಊಟ ಎಂದರು. ಅಕ್ಕಿರೊಟ್ಟಿ, ಹಂದಿಮಾಂಸದ ಸಾರು. ರಮ್ಲತ್‌ಗೆ ಬೇರೆ ಪಾತ್ರೆಯಲ್ಲಿ ಮೊಟ್ಟೆ ಸಾರು ಮಾಡಿ ಇಟ್ಟಿದ್ದರು. ನಾನು ಇವಳನ್ನೇ ಕರೆತರುತ್ತೇನೆಂದು ಇವರಿಗೆ ಹೇಗೆ ಗೊತ್ತು? ಕೇಳಿಯೇಬಿಟ್ಟೆ.

ದೇಚಮ್ಮ ಬಡಿಸುತ್ತಿದ್ದವಳು ಅವತ್ತು ಮೊದಲ ಬಾರಿಗೆ ಒಂದು ಪೂರ್ತಿ ವಾಕ್ಯ ಆಡಿದಳು. “ಅವಳನ್ನ ಹಿಂದೆ ಬಿಟ್ಟು ಬರೋಕೆ ನಿಮಗೆ ನಂಬಿಕೆ ಇಲ್ಲ ಅಲ್ವಾ ಮೇಡಂ, ಅದಕ್ಕೆ.”

ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ರಮ್ಲತ್ ರೊಟ್ಟಿ ಮುರಿಯುತ್ತಾ ತಲೆ ತಗ್ಗಿಸಿದಳು. ನನಗೆ ನಾಚಿಕೆಯಾಯಿತು, ಕೋಪವೂ ಬಂತು.

ಕೈ ತೊಳೆದು ಬಂದ ಮೇಲೆ ಪೂಣಚ್ಚ ಮಾತು ತೆಗೆದರು. “ನೀವು ನನ್ನನ್ನ ದಲ್ಲಾಳಿ ಅಂತ ಇವರ ಹತ್ರ ಹೇಳಿದ್ರಂತೆ. ಇರಲಿ. ನಾನು ಈ ಮನೆಯ ಅರುವ ಮೇಡಂ. ಇವರ ಕುಟುಂಬದವನಲ್ಲ, ಬೇರೆ ಮನೆಯವನು. ಮದುವೆ ಆಗ್ಲಿ ಜಗಳ ಆಗ್ಲಿ, ಈ ಮನೆಯ ದೊಡ್ಡ ಮಾತು ಎಲ್ಲ ನಾನು ಆಡಬೇಕು. ಅಪ್ಪ ಮಗಳ ವಿಷಯ ಮಾತಾಡಿದ್ರೆ ಮಧ್ಯೆ ಪ್ರೀತಿ ನುಗ್ತದೆ. ಅದಕ್ಕೇ ನಮ್ಮಲ್ಲಿ ಈ ಪದ್ಧತಿ. ಆ ಕಾರಿನವನು ಕೇಳಿದ್ದನ್ನೂ ಕೇಳಿಸಿಕೊಂಡೆ. ಮಕ್ಕಳ ಹತ್ರ ನಿಮ್ಮ ಬಗ್ಗೆ ಕೇಳಿದೆ, ನಿಮ್ಮನ್ನೂ ನೋಡಿದೆ. ಗೋಣಿಚೀಲದ ಮೇಲೆ ಕೂತು ನೋಡಿದ್ದು ನಿಮ್ಮನ್ನೇ.”

“ಏನು ನೋಡಿದ್ರಿ?” ಎಂದೆ.

“ಕಲಿಸ್ತೀರಿ. ಅದರಲ್ಲಿ ಮಾತಿಲ್ಲ. ನನ್ನದು ಒಂದೇ ಪ್ರಶ್ನೆ. ನಿಮಗಿಂತ ಮುಂಚೆ ಬಂದವರೆಲ್ಲ ಮಕ್ಕಳಿಗೆ ಇರಿ ಇರಿ ಅಂದ್ರು, ವರ್ಷಕ್ಕೇ ತಾವು ಹೋದ್ರು. ಇವಳನ್ನ ನಾವು ನಿಲ್ಲಿಸ್ತೇವೆ ಅಂತ ಇಟ್ಟುಕೊಳ್ಳಿ. ನೀವು ನಿಲ್ತೀರಾ?”

ನನ್ನ ಮೊದಲ ಯೋಚನೆ, ಇವನಿಗೆ ಮೈಸೂರಿನ ವಿಷಯ ಯಾರು ಹೇಳಿದರು ಎಂಬುದು. ಆಮೇಲೆ ಅವರ ಮುಖ ನೋಡಿದೆ. ಅವರಿಗೆ ಏನೂ ಗೊತ್ತಿರಲಿಲ್ಲ. ಸುಮ್ಮನೆ ಕೇಳಬೇಕಾದ್ದನ್ನು ಕೇಳಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನೇ. ಬಾಯಿ ತೆರೆದೆ, ಹೌದು ಎನ್ನಲೂ ಆಗಲಿಲ್ಲ, ಇಲ್ಲ ಎನ್ನಲೂ ಆಗಲಿಲ್ಲ.

“ನಮ್ಮ ಪದ್ಧತಿಯಲ್ಲಿ ನಿಮ್ಮ ಮಾತು ನೀವೇ ಆಡಬೇಕಾಗಿಲ್ಲ. ಅದಕ್ಕೇ ಒಬ್ಬರನ್ನ ಕರ್ಕೊಂಡು ಬನ್ನಿ ಅಂದದ್ದು. ನಿಮ್ಮ ಕಡೆ ಮಾತು ಯಾರದ್ದು?”

“ನಂದು” ಎಂದಳು ರಮ್ಲತ್. ಕುರ್ಚಿಯಿಂದ ಎದ್ದೇ ನಿಂತಿದ್ದಳು. “ಮ್ಯಾಮ್ ಹೋಗಲ್ಲ. ನಮ್ಮ ಡಿಗ್ರಿ ಮುಗಿಯೋವರೆಗೆ ಇಲ್ಲೇ ಇರ್ತಾರೆ. ಅವರ ಮಾತು ನಾನು ಕೊಡ್ತೀನಿ.”

ಅಷ್ಟೇ. ನನ್ನನ್ನು ಒಂದು ಮಾತು ಕೇಳದೆ ಆ ಗಿಡ್ಡ ಹುಡುಗಿ ನನ್ನ ಮೂರು ವರ್ಷವನ್ನು ಪೂಣಚ್ಚನವರ ಕೈಗೆ ಇಟ್ಟುಬಿಟ್ಟಳು. ಅವರು ಗಂಭೀರವಾಗಿ ತಲೆಯಾಡಿಸಿದರು. ಅಜ್ಜಿ ವೀಳ್ಯದೆಲೆಯ ತಟ್ಟೆ ಮುಂದೆ ತಳ್ಳಿದರು. ನಾನು ಎಲೆ ತೆಗೆದುಕೊಂಡೆ.

ಹಿಂದಿರುಗುವಾಗ ಬಸ್ ನಿಲ್ದಾಣದಲ್ಲಿ ಅವಳನ್ನು ಹಿಡಿದು ಕೇಳಿದೆ. “ನಿಂಗೆ ಯಾರು ಹೇಳಿದ್ದು ಹಾಗೆ ಹೇಳೋಕೆ?”

“ನಾನು ಹೇಳದಿದ್ರೆ ನೀವು ಹೇಳ್ತಾ ಇರಲಿಲ್ಲ ಮ್ಯಾಮ್.”

“ಮತ್ತೆ ದಿನಾ ಯಾರ ಹತ್ರ ಫೋನು?”

“ಉಪ್ಪನ ಹತ್ರ.” ಉಪ್ಪ ಎಂದರೆ ಅವಳ ತಂದೆ. “ಆ ಬಿಳಿ ಕಾರು ಮೊದಲು ಬಂದದ್ದು ನಮ್ಮ ಅಂಗಡಿಗೆ. ಎಲ್ಲ ಫ್ರೀ, ಹೋಗು ಅಂತ ಉಪ್ಪ. ಹೋಗಲ್ಲ ಅಂತ ನಾನು. ದಿನಾ ಅದೇ ಜಗಳ. ನಿಮಗೆ ಕೇಳಿಸಿದ್ರೆ ನಾನೂ ಹೋಗ್ತೀನಿ ಅಂತ ತಿಳ್ಕೊಳ್ತೀರಿ ಅಂತ ಮೆಲ್ಲಗೆ ಮಾತಾಡ್ತಿದ್ದೆ.”

ಮಳೆ ಜೋರಾಯಿತು. ಇಬ್ಬರೂ ಒಂದೇ ಕೊಡೆಯಲ್ಲಿ ನಿಂತೆವು. ಕ್ಷಮಿಸು ಎನ್ನಬೇಕೆನಿಸಿತು. ಬಸ್ಸು ಬಂದಾಗ ಅವಳ ಟಿಕೆಟನ್ನೂ ನಾನೇ ತೆಗೆದುಕೊಂಡೆ.

ಸೋಮವಾರ ನಾನು ಮೈಸೂರಿಗೆ ಹೋಗಲಿಲ್ಲ. ಅಮ್ಮ ಫೋನಿನಲ್ಲಿ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. “ಯಾವ್ದೋ ಹುಡ್ಗಿ ಮಾತು ಕೊಟ್ಲು ಅಂತ ಬಾಯಿಗ್ ಬಂದ ತುತ್ತು ಬಿಟ್ಯಲ್ಲೇ” ಎಂದು ಕೊನೆಗೆ ಅತ್ತಳು. ನನಗೂ ಅಳು ಬಂತು. ಆದರೆ ಅವತ್ತು ಗೋಡೌನಿಗೆ ಹೋದಾಗ ಎಲ್ಲರೂ ನನಗಿಂತ ಮೊದಲೇ ಬಂದು ಗೋಣಿಚೀಲಗಳನ್ನು ಬದಿಗೆ ಸರಿಸಿ ನೆಲ ಗುಡಿಸಿಟ್ಟಿದ್ದರು. ದೇಚಮ್ಮ ಟಿ.ಸಿ. ಕೇಳಲಿಲ್ಲ. ಬಿಳಿ ಕಾರು ಮತ್ತೆ ಬರಲಿಲ್ಲ.

ಮಳೆ ಹೊಳವಾದ ಮೇಲೆ ಅಂಗಣಕ್ಕೆ ಬಂದೆವು. ಗೋಡೌನಿನ ಒಂದೇ ರಿಂಗಿಗೆ ಪಳಗಿದ ದೇಚಮ್ಮನ ಎಡಗೈ ಬಿಸಿಲಿನಲ್ಲಿ ಇನ್ನೂ ಹರಿತವಾಯಿತು. ಆ ಚಳಿಗಾಲದ ಅಂತರ ಕಾಲೇಜು ಪಂದ್ಯಾವಳಿಯಲ್ಲಿ ನಾವು ಫೈನಲ್‌ವರೆಗೆ ಹೋಗಿ ಸೋತೆವು. ಸೋತದ್ದು ಘಟ್ಟದ ಕೆಳಗಿನವರಿಗೇ. ಆದರೂ ಪ್ರಿನ್ಸಿಪಾಲರು ನನ್ನನ್ನು ಕರೆದು ಕಾಫಿ ಕೊಡಿಸಿದರು, ಮುಂದಿನ ವರ್ಷದ ಮಾತನ್ನು ತಾವೇ ತೆಗೆದರು.

ಮುಂದಿನ ಜೂನ್‌ನಲ್ಲಿ ದೇಚಮ್ಮ ಟಿ.ಸಿ. ತೆಗೆದುಕೊಂಡಳು.

ನನಗೆ ತಿಳಿದದ್ದು ಅವಳು ಕಾಗದ ಹಿಡಿದು ಆಫೀಸಿನಿಂದ ಹೊರಬಂದಾಗ. ಗೇಟಿನಲ್ಲಿ ಪೂಣಚ್ಚನವರ ಜೀಪು ನಿಂತಿತ್ತು. ನಾನು ಮಳೆಯಲ್ಲಿ ಓಡಿಹೋಗಿ, ಎಲ್ಲರ ಮುಂದೆ ದನಿ ಏರಿಸಿ ಕೇಳಿದೆ. “ನನ್ನ ಹತ್ರ ಮಾತು ತಗೊಂಡ್ರಿ. ನಾನು ಮೈಸೂರು ಬಿಟ್ಟೆ. ಈಗ ಇದೇನು?”

ಅವರು ಜೀಪಿನಿಂದ ಇಳಿದರು. “ನಿಮ್ಮ ಮಾತು ನೀವು ಉಳಿಸ್ಕೊಂಡ್ರಿ. ನಮ್ಮ ಮಾತು ನೀವು ಕೇಳಲೇ ಇಲ್ಲ ಮೇಡಂ. ಇವಳು ಎಷ್ಟು ವರ್ಷ ಅಂತ ನೀವೂ ಕೇಳಲಿಲ್ಲ, ಆ ಹುಡುಗಿಯೂ ಕೇಳಲಿಲ್ಲ.” ಆಮೇಲೆ ದನಿ ಇಳಿಸಿ ಹೇಳಿದರು: “ಕಳೆದ ವರ್ಷ ಹೋಗಿದ್ರೆ ಇವಳು ಅಲ್ಲಿ ಬೆಂಚು ಕಾಯ್ತಿದ್ಲು. ಈಗ ಆಡೋದಕ್ಕೆ ಕರೀತಿದ್ದಾರೆ. ನೀವು ಕಲಿಸಿದ್ದಕ್ಕೇ ಹೋಗ್ತಿದಾಳೆ.”

ದೇಚಮ್ಮ ನನ್ನ ಕಾಲು ಮುಟ್ಟಲು ಬಗ್ಗಿದಳು, ನಾನು ಹಿಂದೆ ಸರಿದೆ. ಪೂಣಚ್ಚ ಅಂಗಣದ ಅಂಚಿಗೆ ಹೋಗಿ, ನೆಲ ನೋಡುತ್ತಾ ಓಡಾಡಿ, ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ ಒಂದು ಕಲ್ಲು ಆರಿಸಿ ತಂದು ನನ್ನ ಕೈಗೆ ಕೊಟ್ಟರು. “ಇದು ನಿಮ್ಮ ಹತ್ರ ಇರಲಿ” ಎಂದಷ್ಟೇ ಹೇಳಿದರು.

ನಾನು ಏನು ತಿಳಿದೆ? ಮಾಟವೋ, ಅಣಕವೋ ಎಂದು ತಿಳಿದೆ. ಮೂರು ವರ್ಷದ ಬದಲಿಗೆ ಒಂದು ಕಲ್ಲು. ಎಸೆಯಲು ಕೈ ಎತ್ತಿದವಳು ಯಾಕೋ ಎಸೆಯಲಿಲ್ಲ. ನಮ್ಮ ಸ್ಪೋರ್ಟ್ಸ್ ರೂಮಿನ ಬಾಗಿಲು ಮಳೆಗಾಲದ ಗಾಳಿಗೆ ಧಡಾರೆಂದು ಬಡಿದುಕೊಳ್ಳುತ್ತಿತ್ತು. ಅದಕ್ಕೆ ಆನಿಸಿ ಇಟ್ಟೆ.

ಟೀಮು ಒಡೆಯಲಿಲ್ಲ. ರಮ್ಲತ್ ಕ್ಯಾಪ್ಟನ್ ಆದಳು, ಹೇಮಾ ದೇಚಮ್ಮನ ಜಾಗಕ್ಕೆ ಬಂದಳು. ಮಾತು ಕೊಟ್ಟಷ್ಟು ವರ್ಷ ಕಳೆದ ಮೇಲೂ ನಾನು ಹೋಗಲಿಲ್ಲ. ಗೋಡೌನನ್ನು ಮೆಣಸಿನ ವ್ಯಾಪಾರಿಗೆ ಬಾಡಿಗೆಗೆ ಕೊಟ್ಟರು, ನಮ್ಮ ಅಂಗಣಕ್ಕೆ ತಗಡಿನ ಮಾಡು ಬಂತು. ಪೂಣಚ್ಚ ಮತ್ತೆ ಕಾಲೇಜಿನ ಕಡೆ ಬರಲಿಲ್ಲ. ದೇಚಮ್ಮ ಮಾತ್ರ ಪ್ರತಿ ಮಳೆಗಾಲದ ರಜೆಯಲ್ಲಿ ಬರುತ್ತಿದ್ದಳು. ಹೇಳದೆ ಕೇಳದೆ ಶೂ ಕಟ್ಟಿಕೊಂಡು ಚಿಕ್ಕ ಹುಡುಗಿಯರ ಜೊತೆ ಆಡುತ್ತಿದ್ದಳು, ಅವರ ಮೊಣಕೈ ಹಿಡಿದು ತಿದ್ದುತ್ತಿದ್ದಳು. ಅವಳು ನಮ್ಮ ಆಟದ ಗುಟ್ಟು ನೋಡಿಕೊಂಡು ಹೋಗಿ ಕೆಳಗಿನವರಿಗೆ ಹೇಳುತ್ತಾಳೆಂದು ನಾನು ಅವಳು ಬಂದ ದಿನ ಬರೀ ಫ್ರೀ ಥ್ರೋ ಹಾಕಿಸುತ್ತಿದ್ದೆ. ಅವಳು ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಬರುವುದು ಬಿಡಲಿಲ್ಲ. ನಾನೂ ಫ್ರೀ ಥ್ರೋ ಬಿಡಲಿಲ್ಲ.

ಮದುವೆಯ ದಿನ ಸಂಜೆಯವರೆಗೆ ನಿಂತದ್ದು ಸಂಶಯಕ್ಕೇ. ಕೊಡವರ ಮದುವೆ ಎಷ್ಟೋ ನೋಡಿದ್ದೇನೆ. ಆದರೆ ಊಟವಾದ ಕೂಡಲೇ ಬಸ್ಸು ಹಿಡಿಯುವವಳು ನಾನು. ಹೆಣ್ಣನ್ನು ಕಳಿಸಿಕೊಡುವ ಶಾಸ್ತ್ರ ನೋಡಿದ್ದು ಅವತ್ತೇ ಮೊದಲು. ಎರಡು ಮನೆಯವರೂ ಎದುರುಬದುರು ನಿಂತರು. ಆ ಕಡೆ ಗಂಡಿನ ಅರುವ, ಈ ಕಡೆ ಪೂಣಚ್ಚ. ಕೊಡವ ಭಾಷೆಯಲ್ಲಿ ಸವಾಲು ಜವಾಬು ನಡೆಯುತ್ತಿತ್ತು. ಪೂಣಚ್ಚನವರ ಅಂಗೈಯಲ್ಲಿ ಸಣ್ಣ ಕಲ್ಲುಗಳಿದ್ದವು. ಒಂದೊಂದಾಗಿ ಗಂಡಿನ ಕಡೆಯವರ ಕೈಗೆ ಹಾಕಿದರು. ಕೊನೆಯದೊಂದನ್ನು ಕೊಡದೆ ಮುಷ್ಟಿ ಮುಚ್ಚಿಕೊಂಡರು.

ಪಕ್ಕದಲ್ಲಿ ದೇಚಮ್ಮನ ಅಜ್ಜಿ ಕೂತಿದ್ದರು. “ಅದೊಂದು ಯಾಕೆ ಕೊಡಲಿಲ್ಲ ಅಜ್ಜಿ?” ಎಂದು ಕೇಳಿದೆ.

“ಎಲ್ಲ ಕೊಟ್ಟುಬಿಟ್ರೆ ಹೆಣ್ಣಿಗೆ ವಾಪಸ್ ಬರೋಕೆ ಜಾಗ ಎಲ್ಲಿ ಉಂಟು ಮಗಳೇ? ಒಂದು ಕಲ್ಲು ಹುಟ್ಟಿದ ಮನೆಯಲ್ಲೇ ಇರಬೇಕು” ಎಂದರು.

ಕುಪ್ಯ, ರೇಷ್ಮೆ ಸೀರೆ, ವಾಲಗದ ಸದ್ದು ಎಲ್ಲ ಕಣ್ಣೀರಿನಲ್ಲಿ ಕಲಸಿಹೋದವು. ಪ್ರತಿ ಮಳೆಗಾಲವೂ ಶೂ ಕಟ್ಟಿಕೊಂಡು ಬಂದ ಹುಡುಗಿ ತವರಿಗೆ ಬಂದವಳು. ನಾನು ಅವಳಿಗೆ ಫ್ರೀ ಥ್ರೋ ಬಡಿಸಿದ್ದೆ.

ಶಾಸ್ತ್ರ ಮುಗಿದ ಮೇಲೆ ಪೂಣಚ್ಚನವರ ಹತ್ತಿರ ಹೋದೆ. ಅವರು ಇನ್ನೂ ಆ ಕಲ್ಲನ್ನು ಮುಷ್ಟಿಯಲ್ಲೇ ಹಿಡಿದಿದ್ದರು.

“ನಿಮ್ಮ ಕಲ್ಲು ಎಲ್ಲಿಟ್ಟಿದ್ದೀರಿ ಮೇಡಂ?”

“ಸ್ಪೋರ್ಟ್ಸ್ ರೂಮಿನ ಬಾಗಿಲಿಗೆ” ಎಂದೆ, ತಲೆ ತಗ್ಗಿಸಿ. “ಗಾಳಿಗೆ ಮುಚ್ಚಿಕೊಳ್ತಿತ್ತು. ಮುಚ್ಚದ ಹಾಗೆ ಇಟ್ಟಿದ್ದೀನಿ.”

ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು, ಗೋಣಿಚೀಲದ ಮೇಲೆ ಕೂತು ನೋಡುತ್ತಿದ್ದ ಹಾಗೆ.

“ಮತ್ತೆಂತ? ಅಲ್ಲೇ ಇರಲಿ” ಎಂದರು.

ಅಷ್ಟು ಹೊತ್ತಿಗೆ ಕೊನೆಯ ಬಸ್ಸು ಹೋಗಿತ್ತು. ಮದುವೆಗೆ ಬಂದಿದ್ದ ರಮ್ಲತ್ ತನ್ನ ಸ್ಕೂಟರಿನಲ್ಲಿ ನನ್ನನ್ನು ಮನೆಗೆ ಬಿಟ್ಟಳು.